ನೋಡುವವರ ಋಣ

ಹಕ್ಕಿಯನ್ನು ನೋಡುವುದರಿಂದ ಯಾರಿಗೂ ನಷ್ಟವಿಲ್ಲ ಎಂಬುದು ನಮ್ಮೆಲ್ಲರ ನಂಬಿಕೆ. ಬೇಟೆಗಾರ ಕೊಲ್ಲುತ್ತಾನೆ, ವ್ಯಾಪಾರಿ ಹಿಡಿದು ಮಾರುತ್ತಾನೆ. ನಾವಾದರೋ ಚಳಿ ಇಳಿದ ಫಾಲ್ಗುಣದ ಒಂದು ಭಾನುವಾರ ಮಕ್ಕಳುಮರಿಗಳೊಡನೆ ಹೊರಟು, ಬೈನಾಕ್ಯುಲರ್ ಹಿಡಿದು ದೂರ ನಿಂತು ನೋಡಿ, ಕಟ್ಟಿಕೊಂಡು ಹೋದ ಚಿತ್ರಾನ್ನ ತಿಂದು ಸಂಜೆಗೆ ಮನೆ ಸೇರುವವರು. ಇದಕ್ಕಿಂತ ನಿರಪಾಯವಾದ ಸಂತೋಷ ಇನ್ನಾವುದಿದ್ದೀತು? ಆದರೆ ಬೆಲೆಯನ್ನು ನಾವು ತೆರುತ್ತಿಲ್ಲವೆಂದ ಮಾತ್ರಕ್ಕೆ ಯಾರೂ ತೆರುತ್ತಿಲ್ಲವೆಂದು ಹೇಳಲಾಗದು.

ದೆಹಲಿಯ ಪಕ್ಷಿಪ್ರಿಯರಿಗೆಲ್ಲ ಯಾತ್ರಾಸ್ಥಳವಾಗಿರುವ ಭರತಪುರವನ್ನೇ ತೆಗೆದುಕೊಳ್ಳೋಣ. ಅಲ್ಲಿನ ಕೇವಲಾದೇವ ಘಾನಾ ತಾನಾಗಿ ಹುಟ್ಟಿದ ಸರೋವರವಲ್ಲ. ತಗ್ಗು ನೆಲಕ್ಕೆ ಕಾಲುವೆಯ ನೀರು ಹರಿಸಿ ಅಲ್ಲಿನ ಅರಸರು ಬಾತುಕೋಳಿಯ ಬೇಟೆಗೆಂದು ಸಿದ್ಧಪಡಿಸಿದ ಜೌಗು. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡ ಒಂದೇ ದಿನ 4273 ಹಕ್ಕಿಗಳನ್ನು ಹೊಡೆದ ಲೆಕ್ಕವನ್ನು ಅಲ್ಲಿ ಕಲ್ಲಿನ ಮೇಲೆ ಕೆತ್ತಿಟ್ಟಿದ್ದಾರೆ. ಕಾಲ ಬದಲಾಯಿತು. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅದೇ ವರ್ಷ ದನ, ಎಮ್ಮೆ ಮೇಯಿಸುವುದಕ್ಕೆ ನಿಷೇಧ ಬಂತು. ತಲೆಮಾರುಗಳಿಂದ ಅಲ್ಲಿ ಎಮ್ಮೆ ಬಿಟ್ಟುಕೊಂಡಿದ್ದ ಸುತ್ತಲ ಹಳ್ಳಿಗಳವರು ಎದುರಿಸಿ ನಿಂತರು. ನವೆಂಬರಿನಲ್ಲಿ ಪೋಲೀಸರು ಗುಂಡು ಹಾರಿಸಿದರು, ಜನ ಸತ್ತರು. ಕಡತಗಳ ನಡುವೆ ಬಾಳುವ ನಮ್ಮಂಥವರಿಗೆ ಗೊತ್ತು, 'ನಿಷೇಧಿಸಲಾಗಿದೆ' ಎಂದು ಟೈಪು ಮಾಡುವುದಕ್ಕೆ ಅರೆ ನಿಮಿಷವೂ ಬೇಡ.

ಮುಂದಿನ ಕಥೆ ವಿಚಿತ್ರವಾದುದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಡಾ. ವಿ. ಎಸ್. ವಿಜಯನ್ ಅವರ ನೇತೃತ್ವದಲ್ಲಿ ಸುಮಾರು ಹತ್ತು ವರ್ಷ ಅಲ್ಲೇ ಅಧ್ಯಯನ ನಡೆಸಿದರು. ಎಮ್ಮೆಗಳು ಹೋದಮೇಲೆ ಪ್ಯಾಸ್ಪಾಲಂ ಎಂಬ ಹುಲ್ಲು ತಡೆಯಿಲ್ಲದೆ ಹಬ್ಬಿ ನೀರನ್ನೇ ಮುಚ್ಚತೊಡಗಿದ್ದುದು ಕಂಡುಬಂತು. ಬಾತುಗಳಿಗೆ ಬೇಕಾದ ತೆರೆದ ನೀರು ಕಡಿಮೆಯಾಗಿತ್ತು. ಎಮ್ಮೆ ಮೇಯುತ್ತಿದ್ದುದು ಹಕ್ಕಿಗೇ ಉಪಕಾರವಾಗಿತ್ತೆಂದಾಯಿತು.

ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ, ನೋಡಿ, ಹಳ್ಳಿಯವರೇ ಸರಿ ಎನ್ನುತ್ತಾರೆ. ನಮಗೆ ಅಷ್ಟು ಸಾಲದು. ವಿಜ್ಞಾನದ ಫಲಿತಾಂಶ ಹೀಗೂ ಬರಬಹುದು, ಹಾಗೂ ಬರಬಹುದು. ಎಮ್ಮೆಯಿಂದಲೇ ಕೆರೆ ಕೆಡುತ್ತಿದೆ ಎಂದು ಸಿದ್ಧವಾಗಿದ್ದರೆ ಆ ಸಾವುಗಳು ನ್ಯಾಯವಾಗಿಬಿಡುತ್ತಿದ್ದವೆ? ಖಂಡಿತ ಇಲ್ಲ. ಹಕ್ಕಿಯ ಹಿತಕ್ಕಾಗಿ ಮನೆಯ ಹಾಲು ಮೊಸರನ್ನು ಬಿಟ್ಟುಕೊಡಬೇಕಾಗಿದ್ದವರು ಯಾರೋ, ಅವರೊಡನೆ ಬದಲಿ ಮೇವಿನ ಮಾತು ಮೊದಲು ಆಗಬೇಕಿತ್ತು. ಹುಲ್ಲಿನ ಲೆಕ್ಕ ತಪ್ಪಿದ್ದು ಅದರ ಮುಂದೆ ಸಣ್ಣದು.

ಹಕ್ಕಿಗೆ ಬಾಯಿಲ್ಲ, ಅದರ ಪರವಾಗಿ ಯಾರಾದರೂ ಕಟುವಾಗಿ ನಡೆದುಕೊಳ್ಳಲೇಬೇಕು ಎಂದು ನಮ್ಮ ಗೆಳೆಯರೊಬ್ಬರು ವಾದಿಸುತ್ತಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಸೈಬೀರಿಯಾದಿಂದ ಭರತಪುರಕ್ಕೆ ಬರುತ್ತಿದ್ದ ಬಿಳಿ ಕೊಕ್ಕರೆಗಳು 2002ರ ನಂತರ ಅಲ್ಲಿ ಕಾಣಿಸಿಕೊಂಡಿಲ್ಲ. ಹಾಗೆ ಹೋದದ್ದನ್ನು ಆದೇಶ ಹೊರಡಿಸಿ ಕರೆತರಲಾಗದು. ಆದ್ದರಿಂದ ಹಕ್ಕಿಗೆ ಒಂದು ಪಾಲು ಹೆಚ್ಚೇ ಸಲ್ಲಲಿ. ಅದನ್ನು ಯಾರ ತಟ್ಟೆಯಿಂದ ತೆಗೆಯಬೇಕೆಂಬುದೇ ಪ್ರಶ್ನೆ.

ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ಬಂದ ಮಗಳೆಂದು ಊರವರು ಹೇಳುವುದುಂಟು. ಹಿಕ್ಕೆ ಗೊಬ್ಬರವಾಗುತ್ತದೆ, ನಿಜ; ಆದರೆ ವಾಸನೆಯನ್ನು ಸಹಿಸಬೇಕು, ಗೂಡಿರುವ ಮರದ ಹುಣಸೆಯನ್ನು ಬಿಡಬೇಕು. ಅದಕ್ಕೆಂದು ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರಧನ ಕೊಡುವ ಪದ್ಧತಿ ಮಾಡಿತು. ಮೊತ್ತ ದೊಡ್ಡದೇನಲ್ಲ, ಆದರೂ ನಷ್ಟವೊಂದಿದೆ ಎಂದು ಒಪ್ಪಿಕೊಂಡಂತಾಯಿತು. ಭರತಪುರದಲ್ಲಿ ಆಗದಿದ್ದುದು ಇದೇ.

ಇನ್ನು ನಮ್ಮ ಪಾಲಿನ ವಿಚಾರ. ಈ ಸಲ ನಮ್ಮ ಏಳೆಂಟು ಸಂಸಾರಗಳು ಮೊದಲು ಹೋದದ್ದು ಓಖ್ಲಾಕ್ಕೆ. 1990ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಈ ಜಾಗ, ಯಮುನೆಗೆ ಕಟ್ಟಿದ ಬ್ಯಾರೇಜಿನ ಹಿಂದೆ ನಿಂತ ನೀರು. ಊರಿಗೆ ಹೊರಡದೆ ಉಳಿದಿದ್ದ ಚಲುಕ ಬಾತುಗಳು ಸಾಕಷ್ಟಿದ್ದವು. ನಾಮದ ಕೋಳಿಗಳನ್ನು ಮಕ್ಕಳು ಎಣಿಸಿ ಎಣಿಸಿ ಸೋತರು. ಹೆಂಗಸರು ಮೂಗಿಗೆ ಸೆರಗು ಹಿಡಿದಿದ್ದರು. ದಕ್ಷಿಣ ದೆಹಲಿಯ ಸರ್ಕಾರಿ ಕ್ವಾರ್ಟರ್ಸುಗಳ ಮಗ್ಗುಲಲ್ಲಿ ಹರಿಯುವ ಕುಶಕ್ ನಾಲೆ, ಬಾರಾಪುಲ್ಲಾ ನಾಲೆಗೆ ಕೂಡಿ, ಓಖ್ಲಾಕ್ಕೆ ಮೇಲುಗಡೆಯೇ ಯಮುನೆಯನ್ನು ಸೇರುತ್ತದೆ. ಆ ವಾಸನೆಯಲ್ಲಿ ನಮ್ಮ ಬಚ್ಚಲ ಪಾಲೂ ಇದೆಯೆಂದಾಯಿತು. ಎಮ್ಮೆಯನ್ನು ತಡೆದ ಚುರುಕಿನಲ್ಲಿ ಪಟ್ಟಣದ ಚರಂಡಿಯನ್ನು ಯಾರೂ ತಡೆಯಲಿಲ್ಲ. ಎಮ್ಮೆಯ ಒಡೆಯ ಬಡವ, ಚರಂಡಿಯ ಒಡೆಯರು ಪಕ್ಷಿಪ್ರಿಯರು.

ಅಲ್ಲಿಂದ ಗ್ರೇಟರ್ ನೊಯ್ಡಾದ ಆಚೆ ಧನೌರಿಗೆ ಹೋದೆವು. ಸಾರಸ ಜೋಡಿಗಳು ಹೊಲಗಳ ನಡುವೆ ಆಳೆತ್ತರಕ್ಕೆ ನಿಂತಿದ್ದವು. ಗೋಧಿಗೆ ನೀರು ಕಟ್ಟುತ್ತಿದ್ದ ರೈತನೊಬ್ಬನನ್ನು ಮಾತನಾಡಿಸಿದಾಗ, ಮಳೆಗಾಲದಲ್ಲಿ ಇವು ಭತ್ತದ ಗದ್ದೆಯೊಳಗೇ ಪೈರು ಕಿತ್ತು ಗೂಡು ಮಾಡುತ್ತವೆ, ಮರಿ ಹೊರಡುವವರೆಗೆ ಅಷ್ಟು ಜಾಗಕ್ಕೆ ಕಾಲಿಡುವುದಿಲ್ಲ ಎಂದ. ಅಷ್ಟು ಜಾಗದ ಭತ್ತ ಎಷ್ಟಾದೀತು ಎಂದು ನಮ್ಮಲ್ಲೊಬ್ಬರು ಕೇಳಿದರು. ಆತ ನಕ್ಕ. ಇಷ್ಟು ವರ್ಷ ಕಾರುಗಳಲ್ಲಿ ಬಂದವರು ಸಾರಸ ಎಲ್ಲಿದೆ ಎಂದಷ್ಟೇ ಕೇಳಿದ್ದಾರೆ, ಇದನ್ನು ಯಾರೂ ಕೇಳಿರಲಿಲ್ಲ ಎಂದು ಹೇಳಿ, ಬದುವಿನ ಮೇಲೆ ಸಲಿಕೆ ಊರಿ, ಲೆಕ್ಕ ಹಾಕತೊಡಗಿದ.