ಸಾಕು ಎನ್ನುವ ಮುನ್ನ

ಕನ್ನಡದಲ್ಲಿ 'ಸಾಕು' ಎಂಬ ಎರಡಕ್ಷರದ ಮಾತಿಗೆ ಎರಡು ಅರ್ಥ. ಬಡಿಸುವಾಗ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು 'ಸಾಕು' ಎಂದರೆ ಇನ್ನು ಬೇಡ ಎಂದು. ಮಗುವನ್ನೋ ಹಸುವನ್ನೋ ಸಾಕುವುದೆಂದರೆ ದಿನದಿನವೂ ನೋಡಿಕೊಳ್ಳುವುದು. ನಾನಾರ್ಥ ಪದಗಳ ಪಾಠದಲ್ಲಿ ಮಕ್ಕಳಿಂದ ಇದನ್ನು ಎಷ್ಟೋ ವರ್ಷ ಬರೆಸಿದ್ದೇನೆ. ಈ ಎರಡು ಅರ್ಥಗಳ ನಡುವೆ ಒಂದು ಜಗಳವೂ ಇದೆಯೆಂದು ಹೊಳೆದದ್ದು ಮಾತ್ರ ಹಿತ್ತಿಲಲ್ಲಿ ಶೆಡ್ಡಿಗೆಂದು ಕಾಂಕ್ರೀಟು ನೆಲ ಹಾಕಿಸಿದಾಗ.

ನಮ್ಮದೇನು ದೊಡ್ಡ ಕಟ್ಟಡವಲ್ಲ. ತೆಂಗಿನಕಾಯಿ, ಸೌದೆ, ಗುದ್ದಲಿ, ಮಕ್ಕಳ ಹಳೆಯ ಸೈಕಲ್ಲು ಇಡಲು 10 ಅಡಿ ಉದ್ದ, 8 ಅಡಿ ಅಗಲದ ಜಾಗ. ಮಣ್ಣಿನ ನೆಲವಾದರೆ ಗೆದ್ದಲಿನ ಕಾಟ. ನಮ್ಮ ಯಜಮಾನರು, "6 ಇಂಚು ದಪ್ಪ ಇರಲಿ, ಕಂಬಿಯೂ ಇರಲಿ" ಎಂದರು. ಮೇಸ್ತ್ರಿ ನಕ್ಕು, "ಇದರ ಮೇಲೆ ಲಾರಿ ನಿಲ್ಲಿಸ್ತೀರಾ ಸಾರ್? ಕೆಳಗೆ ಮಣ್ಣು ಗಟ್ಟಿಯಾಗಿದ್ರೆ 4 ಇಂಚು ಸಾಕು" ಎಂದರು. ಮೇಲುಮಣ್ಣು, ಬೇರು ಎಲ್ಲ ತೆಗೆಸಿ, ನೀರು ಚೆಲ್ಲಿ ದಮ್ಮಸ್ಸು ಮಾಡಿಸಿದರು. ದಪ್ಪ ಜಲ್ಲಿ ಹರಡಿ ಮತ್ತೆ ದಮ್ಮಸ್ಸು. ಸುತ್ತ ಹಲಗೆ ಕಟ್ಟಿ, ಬಿದ್ದ ನೀರು ಬಾಗಿಲ ಕಡೆ ಹರಿದುಹೋಗುವಂತೆ ವಾಟ ಕೊಟ್ಟರು. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ; ಸುಮಾರು 5 ಮೂಟೆ ಸಿಮೆಂಟಿನಲ್ಲಿ ಕೆಲಸ ಮುಗಿಯಿತು. ಅವರು ಹೇಳಿದ ಆ 'ಸಾಕು' ಬಹಳ ಪ್ರಾಮಾಣಿಕವಾದ ಮಾತು. ಮೇಲೆ ಬರುವ ಹೊರೆ ಎಷ್ಟೆಂದು ಬಲ್ಲವರು, ನಮ್ಮ ದುಡ್ಡು ದಂಡವಾಗದಿರಲೆಂದು ಆಡಿದ್ದು.

ಮರುದಿನ ಅದೇ ಬಾಯಿಂದ ಇನ್ನೊಂದು 'ಸಾಕು' ಬಂತು. "ಶೆಡ್ಡಿನ ನೆಲ ತಾನೇ ಮೇಡಮ್ಮೋರೆ, ಎರಡು ದಿನ ನೀರು ಹಾಕಿದ್ರೆ ಸಾಕು."

ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ. ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ ಅದು ಬಲಿಯುತ್ತದೆ. ಕಲಸುವಾಗ ನೀರು ಹೆಚ್ಚಾದರೆ ಹರಡುವುದು ಸುಲಭ. ಆದರೆ ಆ ಹೆಚ್ಚಿನ ನೀರು ಆರಿಹೋದ ಮೇಲೆ ಒಳಗೆ ಸಣ್ಣ ಸಣ್ಣ ರಂಧ್ರ ಉಳಿದು ಬಲ ಕುಗ್ಗುತ್ತದೆ. ಹಾಕಿದ ಮೇಲೆ ನೀರು ಕಡಿಮೆಯಾದರೂ ಕೆಡುಕೇ. ಕಾಂಕ್ರೀಟಿನ ಬಗೆಗಿನ ಭಾರತೀಯ ಮಾನಕ 456, ಅದರ 2000ದ ಆವೃತ್ತಿಯಲ್ಲಿ, ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿಯಂಥದು ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಆರಕೂಡದು ಎನ್ನುತ್ತದೆ. ಅದರ ಬಲವನ್ನು ಅಳೆಯುವುದು 28ನೇ ದಿನಕ್ಕೆ. ನಾನು ನೆಲದ ಮೇಲೆ ಗೋಣಿಚೀಲ ಹಾಸಿ, ಶಾಲೆಗೆ ಹೋಗುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ನೆನೆಸಿದೆ. 10 ದಿನ ನಡೆದದ್ದು ನಿಜವಾಗಿ ಸಾಕುವ ಕೆಲಸವೇ. ಮೇಸ್ತ್ರಿಯ ಎರಡನೆಯ 'ಸಾಕಿ'ನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನೆಲ ಬಿರುಕು ಬಿಟ್ಟಾಗ ಅದನ್ನು ಅನುಭವಿಸುವವರು ಅವರಲ್ಲ. ಮೊದಲನೆಯದು ತಿಳಿವಳಿಕೆಯಿಂದ ಬಂದ ಸಾಕು, ಎರಡನೆಯದು ದೂರದಿಂದ ಬಂದ ಸಾಕು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಮೂರನೆಯ 'ಸಾಕು' ಒಂದಿತ್ತು. ಕಾಂಕ್ರೀಟನ್ನು ಬಾಂಡ್ಲಿಯಲ್ಲಿ ತುಂಬಿ, ತಲೆಗೆ ಸಿಂಬೆ ಇಟ್ಟು ಹೊತ್ತು ಹಾಕಿದವರು ಒಬ್ಬ ಗಂಡಾಳು, ಒಬ್ಬ ಹೆಣ್ಣಾಳು. ಹೊತ್ತದ್ದು ಒಂದೇ ಬಾಂಡ್ಲಿ, ನಡೆದದ್ದು ಒಂದೇ ದಾರಿ. ಕೂಲಿ ಮಾತ್ರ ಆತನಿಗೆ 800, ಆಕೆಗೆ 500. ಕೇಳಿದ್ದಕ್ಕೆ ಮೇಸ್ತ್ರಿ, "ಹೆಣ್ಣಾಳಿಗೆ ಅಷ್ಟು ಸಾಕು, ಎಲ್ಲ ಕಡೆ ಅದೇ ರೇಟು" ಎಂದರು. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂದು 1976ರಲ್ಲೇ ಸಮಾನ ವೇತನದ ಕಾಯಿದೆ ಹೇಳಿತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳಿದೆ. ಕಾಯಿದೆ ಹಿತ್ತಿಲವರೆಗೆ ನಡೆದು ಬರಬೇಕಲ್ಲ! ನಮ್ಮ ಮನೆಯ ಕೆಲಸಕ್ಕೆ ಇಬ್ಬರಿಗೂ ಸಮನಾಗಿ ಕೊಡಬೇಕೆಂದು ಪಟ್ಟುಹಿಡಿದೆ. ಮೇಸ್ತ್ರಿ ಗೊಣಗಿಕೊಂಡೇ ಒಪ್ಪಿದರು. ಆಕೆ ದುಡ್ಡನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾ, "ನಾಳೆ ಇನ್ನೊಂದು ಮನೆ ಅಲ್ವಾ ಟೀಚರಮ್ಮ" ಎಂದಳು. ದೂರಲ್ಲ, ಬರೀ ಲೆಕ್ಕ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಉತ್ತರವಿಲ್ಲ. ಒಂದು ಮನೆಯವರು ಸರಿ ಕೊಟ್ಟರೆ ಒಂದು ದಿನ ಸರಿಯಾಗುತ್ತದೆ. ರೇಟು ಸರಿಯಾಗಬೇಕಾದರೆ ಆಕೆ ನಾಳೆ ಹೋಗುವ ಮನೆಯ ಹೆಂಗಸೂ ಕೇಳಬೇಕು.

ಅತಿಯಾಸೆ ಬೇಡ, ಇದ್ದುದರಲ್ಲಿ ತೃಪ್ತಿ ಇರಲಿ ಎಂದು ಹಿರಿಯರು ಕಲಿಸಿದರು. ಒಳ್ಳೆಯ ಪಾಠವೇ. ಆದರೆ ಅದು ನಮ್ಮ ನಮ್ಮ ಎಲೆಗೆ ಹೇಳಿಕೊಳ್ಳುವ ಪಾಠ. 'ನನಗೆ ಸಾಕು' ಎಂಬುದು ಸಂಯಮ. ಇನ್ನೊಬ್ಬರ ಎಲೆ ನೋಡಿ 'ನಿನಗೆ ಸಾಕು' ಎಂದರೆ ಅದು ಜಿಪುಣತನ, ಕೆಲವೊಮ್ಮೆ ಕ್ರೌರ್ಯ. ಹಾಗೆಂದು 'ನನಗೆ ಸಾಕು' ಎಂದವರೆಲ್ಲ ಸಂಯಮಿಗಳೆಂದೂ ತಿಳಿಯಬೇಕಾಗಿಲ್ಲ. ಎಲ್ಲರದೂ ಊಟವಾದ ಮೇಲೆ ಪಾತ್ರೆಯ ತಳ ಕೆರೆದು, ಕೇಳುವವರಿಲ್ಲದಿದ್ದರೂ 'ನನಗಿಷ್ಟು ಸಾಕು' ಎನ್ನುವ ಹೆಂಗಸರು ನಮ್ಮ ಮನೆಮನೆಯಲ್ಲೂ ಇದ್ದಾರೆ. ಅದು ಹೊಟ್ಟೆ ಹೇಳಿದ ಮಾತಲ್ಲ, ರೂಢಿ ಹೇಳಿಸಿದ್ದು. ಆ ರೂಢಿಯೇ ಆಕೆಗೆ 500 ಸಾಕು ಎಂದದ್ದು.

ನೆಲಕ್ಕೆ ಎಷ್ಟು ಇಂಚು ಸಾಕೆಂದು ಮೇಲಿನ ಹೊರೆ ನೋಡಿ ಹೇಳುತ್ತೇವೆ. ಮನುಷ್ಯರ ವಿಷಯದಲ್ಲೂ ಹಾಗೇ ಮಾಡಬಾರದೇಕೆ? ಹೊರೆ ಹೊತ್ತವರನ್ನು ಮೊದಲು ಕೇಳೋಣ. 'ಸಾಕು' ಎಂಬ ಮಾತು ಅವರ ಬಾಯಿಂದಲೇ ಬರಲಿ, ಹೊಟ್ಟೆ ತುಂಬಿದ ಮೇಲೆ ಬರಲಿ.