ದೋಣಿಗಲ್‌ನಲ್ಲೊಂದು ಮನೆ

ಬೆಂಗಳೂರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಸಕಲೇಶಪುರ ದಾಟಿ ದೋಣಿಗಲ್ ಬಳಿ ಬಂದೊಡನೆ ನಿಮ್ಮ ಮನಸ್ಸಿನಲ್ಲೂ ಈ ಆಸೆ ಮೂಡಿರಬಹುದು: ಇಲ್ಲೊಂದು ಪುಟ್ಟ ಮನೆ ಇದ್ದಿದ್ದರೆ! ಕಾಫಿ ತೋಟ, ಮಂಜು ತುಂಬಿದ ಕಣಿವೆ, ಹತ್ತಿರದಲ್ಲೇ ಗುಡ್ಡದ ಮೇಲೆ ಟಿಪ್ಪು ಸುಲ್ತಾನರು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ. ನನಗಂತೂ ಪ್ರತಿ ಸಲವೂ ಈ ಆಸೆ ಬರುತ್ತದೆ. ಆದ್ದರಿಂದ ಇಲ್ಲಿ ಬರೆಯುವುದೆಲ್ಲ ಮೊದಲು ನನಗೇ ಹೇಳಿಕೊಂಡದ್ದು.

ಹಣವಂತರ ಲೋಕದಲ್ಲಿ ಇದೇ ಆಸೆ ಇನ್ನೂ ದೊಡ್ಡದು. ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪರಾಷ್ಟ್ರ ಮಾಲ್ಟಾದ ವಿಸ್ತೀರ್ಣ ಸುಮಾರು 316 ಚದರ ಕಿ.ಮೀ. ಮಾತ್ರ. ಹಣ ತಂದವರಿಗೆ ಪೌರತ್ವ ಕೊಡುವ ಕಾನೂನನ್ನು ಅದು 2013ರಲ್ಲಿ ಮಾಡಿತು. 2025ರ ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ನಮ್ಮಲ್ಲಿ ಪೌರತ್ವ ಮಾರಾಟಕ್ಕಿಲ್ಲ, ನೆಲ ಇದೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ತಡೆಯನ್ನು ಕರ್ನಾಟಕ 2020ರಲ್ಲಿ ತೆಗೆದುಹಾಕಿತು.

ವಿಶ್ರಾಂತಿ ಬಯಸುವುದು ತಪ್ಪೇ? ಖಂಡಿತ ಅಲ್ಲ. ಭೂಮಿಯಲ್ಲಿ ಸಂಚರಿಸಲು ಕುರ್‌ಆನೇ ನಮ್ಮನ್ನು ಪ್ರೇರೇಪಿಸುತ್ತದೆ. ಆದರೆ ಆ ಊರಿನಲ್ಲಿ ನಮಗೆ ಏನು ಬೇಕು, ಏನು ಬೇಡ ಎಂಬುದನ್ನು ಸ್ವಲ್ಪ ಯೋಚಿಸಿ ನೋಡಿ. ಮಂಜು ಬೇಕು, ಮಳೆ ಬೇಡ. ತೋಟ ಬೇಕು, ಲೈನ್ ಮನೆಯವರ ಪರಿಚಯ ಬೇಡ. ಕಾಡು ಬೇಕು, ಆನೆ ಬೇಡ, ಫೋಟೋದಲ್ಲಿದ್ದರೆ ಪರವಾಗಿಲ್ಲ!

ಅಲ್ಲಿನವರಿಗೆ ಹೀಗೆ ಆರಿಸಿಕೊಳ್ಳುವ ಭಾಗ್ಯವಿಲ್ಲ. 2021ರ ಜುಲೈ ಮಳೆಗೆ ದೋಣಿಗಲ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 75 ಕುಸಿಯಿತು. 2024ರ ಜುಲೈನಲ್ಲಿ ಕಡಗರವಳ್ಳಿ ಮತ್ತು ಎಡಕುಮೇರಿ ನಡುವೆ ಮಣ್ಣು ಜಾರಿ ರೈಲುಗಳು ನಿಂತವು. 2023ರ ಡಿಸೆಂಬರ್‌ನಲ್ಲಿ ಯಸಳೂರು ಬಳಿ ಕಾಡಾನೆ ಹಿಡಿಯಲು ಹೋಗಿ, ಮೈಸೂರಿನಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನನೇ ಸತ್ತ. ಅಂಥ ಆನೆಗೇ ಹಾಗಾದರೆ, ಬೆಳಿಗ್ಗೆ ತೋಟದ ಕೆಲಸಕ್ಕೆ ನಡೆದು ಹೋಗುವ ಹೆಣ್ಣುಮಗಳ ಎದೆ ಹೇಗೆ ಹೊಡೆದುಕೊಳ್ಳುತ್ತಿರಬೇಡ? ನಾವು ಕಿಟಕಿಯಿಂದ ನೋಡಿ ಖುಷಿಪಡುವ ಅದೇ ಮಂಜು ಆಕೆಯ ದಾರಿಯಲ್ಲಿ ಆನೆಯನ್ನು ಮರೆಮಾಡುತ್ತದೆ.

ಅತಿಥಿ ಸತ್ಕಾರ ಮೂರು ದಿನ; ಮನೆಯವರಿಗೆ ಕಷ್ಟವಾಗುವಷ್ಟು ಕಾಲ ಅತಿಥಿ ಉಳಿಯಬಾರದೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಬಾಡಿಗೆ ಕೊಟ್ಟಿದ್ದೇನೆ, ನಾನು ಅತಿಥಿಯಲ್ಲ, ಗಿರಾಕಿ ಎನ್ನುವಿರಾ? ಹೋಮ್‌ಸ್ಟೇ ಮಾಲೀಕರಿಗೆ ನೀವು ಗಿರಾಕಿಯೇ ಸರಿ, ಅವರ ಸಂಸಾರಕ್ಕೆ ಅದರಿಂದ ಆಸರೆಯೂ ಆಗುತ್ತದೆ. ಆದರೆ ನೀವು ಬಾಟಲಿ ಎಸೆದ ಹಳ್ಳಕ್ಕೂ ನಿಮ್ಮ ಧ್ವನಿವರ್ಧಕ ಕೆಡಿಸಿದ ಪಕ್ಕದ ಮನೆಯವರ ನಿದ್ದೆಗೂ ಯಾರು ಬಾಡಿಗೆ ಕೊಟ್ಟರು? ಅವರ ಪಾಲಿಗೆ ನೀವು ಅತಿಥಿಯೇ.

ನೆಲೆಸಲು ಹೋಗುವವರ ಹೊಣೆ ಇದಕ್ಕಿಂತ ಭಾರ. ಅಲ್ಲಿ ಜಾಗ ಕೊಂಡ ದಿನದಿಂದ ನೀವು ಒಬ್ಬರ ನೆರೆಯವರು. ನೆರೆಯವರ ಹಕ್ಕು ಎಷ್ಟು ದೊಡ್ಡದೆಂದು ನಿಮಗೆ ವಿವರಿಸಬೇಕಾಗಿಲ್ಲ. ವರ್ಷದಲ್ಲಿ ಹತ್ತು ತಿಂಗಳು ಬೀಗ ಹಾಕಿರುವ ಮನೆ ಯಾರಿಗೆ ನೆರೆ? ಜೋರು ಮಳೆಯ ರಾತ್ರಿ ಹೆರಿಗೆ ನೋವು ಬಂದರೆ ಲೈನ್ ಮನೆಯವರು ಆ ಬಾಗಿಲು ತಟ್ಟಿ ಏನು ಪ್ರಯೋಜನ? ಪಟ್ಟಣದ ಜನಜಂಗುಳಿ ಸಾಕಾಯಿತೆಂದು ಬಂದೆವು ಎನ್ನುತ್ತೇವೆ. ಆ ಜನಜಂಗುಳಿಯಲ್ಲಿ ನಮ್ಮ ವೃದ್ಧ ತಂದೆತಾಯಿಯೂ ಇದ್ದಾರೆಯೇ ಎಂದು ಒಮ್ಮೆ ಹಿಂತಿರುಗಿ ನೋಡಿದ್ದೇವೆಯೇ?

ಮುಂದಿನ ಸಲ ದೋಣಿಗಲ್‌ನ ತಿರುವಿನಲ್ಲಿ ಬಸ್ಸು ನಿಧಾನವಾದಾಗ ನನಗೆ ಆ ಆಸೆ ಮತ್ತೆ ಬರುತ್ತದೆ, ಗೊತ್ತು. ಜುಲೈ ತಿಂಗಳಲ್ಲೂ ಇಲ್ಲೇ ಇರುತ್ತೀಯಾ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಇರುತ್ತೇನೆ ಎನ್ನುವ ಧೈರ್ಯ ಇದುವರೆಗೂ ಬಂದಿಲ್ಲ.