ಹತ್ತೊಂಬತ್ತನೇ ಗೇಟಿನ ವರ್ಷ

ಡಿಸೆಂಬರ್ ಕೊನೆಗೆ ಬಂತೆಂದರೆ ಒಂದು ಮಾತು ಎಲ್ಲ ಕಡೆ ಕೇಳಿಬರುತ್ತದೆ: ‘ಕಷ್ಟ ಬಂದದ್ದೂ ಒಳ್ಳೆಯದೇ ಆಯಿತು, ಪಾಠ ಕಲಿತೆವು.’ ನನಗೇಕೋ ಇದು ಒಪ್ಪಿಗೆಯಾಗುವುದಿಲ್ಲ. ಬೆಳೆ ಒಣಗಿದ ರೈತನ ಮುಂದೆ, ಆಸ್ಪತ್ರೆ ಬಿಲ್ಲಿಗೆ ಒಡವೆ ಅಡವಿಟ್ಟವರ ಮುಂದೆ ಹೀಗೆ ಹೇಳಿ ನೋಡಿ. ಕಷ್ಟಕ್ಕೆ ನಾವು ಕೈಮುಗಿಯಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಹೆಗಲು ಕೊಟ್ಟವರಿಗೆ ಮುಗಿದರೆ ಸಾಕು.

2024ರಲ್ಲಿ ಅಂಥವರನ್ನು ಹುಡುಕಿದರೆ ನನ್ನ ಕಣ್ಣ ಮುಂದೆ ಬರುವುದು ತುಂಗಭದ್ರಾ ಡ್ಯಾಂನಲ್ಲಿ ದುಡಿದವರು. ಹಿಂದಿನ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿತ್ತು. ಡ್ಯಾಂ ತುಂಬಿರಲಿಲ್ಲ, ಅಚ್ಚುಕಟ್ಟಿನವರಿಗೆ ಎರಡನೇ ಬೆಳೆ ದಕ್ಕಿರಲಿಲ್ಲ. 2024ರಲ್ಲಿ ಮಲೆನಾಡಿನಲ್ಲಿ ಮಳೆ ಚೆನ್ನಾಗಿ ಹಿಡಿದು, ಆಗಸ್ಟ್ ಹೊತ್ತಿಗೆ ನೂರೈದು ಟಿಎಂಸಿ ನೀರು ನಿಂತಿತು. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯವರು ಅಬ್ಬಾ ಎಂದು ಉಸಿರು ಬಿಟ್ಟರು. ಆದರೆ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ವರ್ಷವಿಡೀ ಕಾದು ಕೂಡಿಟ್ಟ ನೀರು ಕಣ್ಣೆದುರೇ ಹೊಳೆಪಾಲಾಗುತ್ತಿತ್ತು.

ಹೊಸ ಗೇಟು ಕೂರಿಸಬೇಕೆಂದರೆ ಡ್ಯಾಂ ಅರ್ಧಕ್ಕಿಂತ ಹೆಚ್ಚು ಬರಿದಾಗಬೇಕು ಎಂಬ ಲೆಕ್ಕಾಚಾರ ನಡೆದಿತ್ತು. ಆಗ ಬಂದವರು ಗೇಟು ತಜ್ಞ ಕನ್ಹಯ್ಯ ನಾಯ್ಡು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು, ಇಳಿಸೋಣ ಎಂದರು. ನಿವೃತ್ತಿಯ ನಂತರ ಮನೆಯಲ್ಲಿ ಆರಾಮಾಗಿ ಇರಬಹುದಾದ ವಯಸ್ಸು ಅವರದು. ಅರವತ್ತು ಅಡಿ ಅಗಲ, ನಾಲ್ಕು ಅಡಿ ಎತ್ತರದ ಉಕ್ಕಿನ ತುಂಡುಗಳು; ಒಂದರ ಮೇಲೊಂದು ಐದು ಕೂರಬೇಕು. ಕೆಳಗೆ ನೀರು ಭೋರ್ಗರೆಯುತ್ತಿದೆ, ಮೇಲೆ ಕ್ರೇನು, ಸೇತುವೆಯ ಮೇಲೆ ಕಾರ್ಮಿಕರು. ಮೊದಲ ಯತ್ನ ಕೈಕೊಟ್ಟಿತು. ತಿದ್ದಿದರು, ಮತ್ತೆ ಇಳಿಸಿದರು. 16ರ ರಾತ್ರಿ ಮೊದಲನೆಯದು ಕೂತಿತು, ಮರುದಿನ ಐದೂ ಕೂತವು. ಆಮೇಲೆ ಮಳೆಯೂ ಕೈಬಿಡಲಿಲ್ಲ. ಡ್ಯಾಂ ಮತ್ತೆ ತುಂಬಿತು. ಹಿಂದಿನ ವರ್ಷ ಇಲ್ಲವಾಗಿದ್ದ ಎರಡನೇ ಬೆಳೆಗೂ ಆ ಸಲ ಕಾಲುವೆಯಲ್ಲಿ ನೀರಿತ್ತು.

ನಾಯ್ಡು ಅವರ ಹೆಸರು ಪತ್ರಿಕೆಗಳಲ್ಲಿ ಬಂತು, ಬರಬೇಕಾದದ್ದೇ. ಆದರೆ ಕೊಕ್ಕೆ ಹಾಕಿದವರು, ವೆಲ್ಡಿಂಗ್ ಮಾಡಿದವರು, ರಾತ್ರಿಯಿಡೀ ಕ್ರೇನಿನ ಸೀಟಿನಲ್ಲಿ ಕೂತವರು ಯಾರು ಎಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಊಟಕ್ಕೆ ಕೂತಾಗ ಅನ್ನದಲ್ಲಿ ಅವರ ಪಾಲೂ ಇದೆ ಎಂದು ಎಷ್ಟು ಜನ ನೆನೆಯುತ್ತಾರೆ? ಹಾಗೆಂದು, ಸರಪಳಿ ಯಾಕೆ ತುಂಡಾಯಿತು ಎಂಬ ಪ್ರಶ್ನೆಯನ್ನು ಈ ಕೃತಜ್ಞತೆ ಮುಚ್ಚಿಹಾಕಬಾರದು. ಎಪ್ಪತ್ತು ವರ್ಷದ ಡ್ಯಾಂ ಅದು. ಉಳಿದ 32 ಗೇಟುಗಳ ಯೋಗಕ್ಷೇಮ ವಿಚಾರಿಸುವುದೂ ಆ ಕಾರ್ಮಿಕರಿಗೆ ಸಲ್ಲಿಸುವ ಗೌರವವೇ.

ನಮ್ಮ ನಮ್ಮ ಮನೆಗಳಲ್ಲೂ ಈ ವರ್ಷ ಯಾವುದೋ ಸರಪಳಿ ತುಂಡಾಗಿರುತ್ತದೆ. ಕೆಲಸ ಹೋಗಿರಬಹುದು, ಹಿರಿಯರು ಹಾಸಿಗೆ ಹಿಡಿದಿರಬಹುದು. ಆಗ ಕೇಳದೆಯೇ ಬಂದು ಬಡ್ಡಿಯಿಲ್ಲದೆ ದುಡ್ಡು ಕೊಟ್ಟ ನೆಂಟರಿರುತ್ತಾರೆ, ಮಕ್ಕಳನ್ನು ಶಾಲೆಯಿಂದ ಕರೆತಂದ ಪಕ್ಕದ ಮನೆಯ ಅಕ್ಕ ಇರುತ್ತಾರೆ, ವಾರ್ಡಿನಲ್ಲಿ ನಡುರಾತ್ರಿ ಎದ್ದು ಬಂದ ನರ್ಸ್ ಇರುತ್ತಾರೆ. ಅವಸರ ಮುಗಿದ ಮೇಲೆ ಅವರಿಗೆ ಒಂದು ಮಾತು ಹೇಳುವುದು ಹೇಗೋ ಉಳಿದುಹೋಗಿರುತ್ತದೆ.

ವರ್ಷದ ಕೊನೆಯ ರಾತ್ರಿ ಹನ್ನೆರಡಕ್ಕೆ ಮೊಬೈಲಿನಲ್ಲಿರುವ ಗುಂಪುಗಳಿಗೆಲ್ಲ ಒಂದೇ ಹೂವಿನ ಚಿತ್ರ ಕಳಿಸುತ್ತೀರಿ, ಕಳಿಸಿ. ಅದಕ್ಕೂ ಮೊದಲು, ಸಂಜೆಯೊಳಗೆ, ಹೀಗೆ ಹೆಗಲು ಕೊಟ್ಟವರಲ್ಲಿ ಒಬ್ಬರಿಗೆ ಫೋನ್ ಮಾಡಿ. ಯಾವ ಉಪಕಾರಕ್ಕೆ ಎಂಬುದನ್ನೂ ಬಿಡಿಸಿ ಹೇಳಿ. ಅವರಿಗೆ ಮರೆತೇ ಹೋಗಿರಬಹುದು.